ಇಲ್ಲದ ಅನಿಲದ ಎಳೆ

ಮುತ್ತಿನಕೊಪ್ಪದ ಪವಿತ್ರಾ ಕೊಪ್ಪದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಲೇ ಸಂಶೋಧನೆ ಮಾಡುತ್ತಿದ್ದಳು. ನಕ್ಷತ್ರಗಳು ಹುಟ್ಟುವುದು ತಟಸ್ಥ ಹೈಡ್ರೋಜನ್ ಅನಿಲದಿಂದ. ಗ್ಯಾಲಕ್ಸಿಗಳ ಗುಂಪೊಂದರಲ್ಲಿ ಒಂದು ಚಿಕ್ಕ ಗ್ಯಾಲಕ್ಸಿ ಆ ಅನಿಲವನ್ನು ಕಳೆದುಕೊಂಡಿತ್ತು. ಆ ಅನಿಲ ಪಕ್ಕದ ದೊಡ್ಡ ಗ್ಯಾಲಕ್ಸಿಗೆ ಹರಿಯುತ್ತಿರುವಂತೆ ತೆಳುವಾದ ಎಳೆಯೊಂದು, ಹಲವು ಆಂಟೆನಾಗಳಿರುವ ರೇಡಿಯೊ ದೂರದರ್ಶಕದ ಚಿತ್ರದಲ್ಲಿ ಅವಳಿಗೆ ಕಂಡಿತ್ತು. ಅಂದು ಮಧ್ಯಾಹ್ನ ಆನ್‌ಲೈನ್ ಸಭೆಯಲ್ಲಿ ಅದನ್ನು ವಿಜ್ಞಾನಿಗಳ ಮುಂದಿಡಬೇಕಿತ್ತು.

ಬೆಳಿಗ್ಗೆ ಸ್ಟಾಫ್ ರೂಮಿನಲ್ಲಿ ಕೊನೆಯ ಸಲ ಪರೀಕ್ಷಿಸಿದಳು. ಕೆಟ್ಟಿದ್ದ ಒಂದು ಆಂಟೆನಾದ ದತ್ತಾಂಶ ತೆಗೆದದ್ದೇ ಎಳೆ ಮಾಯವಾಯಿತು. ಮತ್ತೆ ಮಾಡಿ ನೋಡಿದಳು. ಇರಲಿಲ್ಲ. ಕುರ್ಚಿ ಹಿಂದಕ್ಕೆ ತಳ್ಳಿ ಎದ್ದಳು.

"ಎಂತ ಆಯ್ತು ಮಾರಾಯ್ತಿ?" ಎಂದರು ಸಹೋದ್ಯೋಗಿ ಕಲ್ಲೇಶ್.

"ಅಲ್ಲಿ ಅನಿಲವೇ ಇಲ್ಲ ಸರ್. ಆಂಟೆನಾದ ದೋಷ ಅದು."

"ಇವತ್ತೊಂದಿನ ಎಳೆ ಇದೆ ಅಂತ್ಲೇ ಹೇಳಿಬಿಡು, ಆಮೇಲೆ ತಿದ್ದಿದ್ರಾಯ್ತು."

"ಇದನ್ನ ನಂಬ್ಕೊಂಡು ಇನ್ನೊಬ್ರು ವರ್ಷಗಟ್ಟಲೆ ಹುಡುಕ್ತಾರೆ ಸರ್."

ಸಭೆ ಶುರುವಾಯಿತು. "ನನ್ನ ಚಿತ್ರ ತಪ್ಪು" ಎಂದು ಎಳೆ ಇದ್ದ, ಇಲ್ಲದ ಎರಡೂ ಚಿತ್ರಗಳನ್ನು ತೋರಿಸಿದಳು. ಅವಳ ಸಂಶೋಧನೆಯ ಮಾರ್ಗದರ್ಶಕಿ ಕೇಳಿದರು:

"ಹಾಗಾದರೆ ಚಿಕ್ಕ ಗ್ಯಾಲಕ್ಸಿಯ ಅನಿಲ ಎಲ್ಲಿ ಹೋಯಿತು?"

"ಗೊತ್ತಿಲ್ಲ ಮೇಡಂ."

"ಸರಿ. ನಾಳೆಯಿಂದ ಇಬ್ಬರೂ ಕೂತು ಹುಡುಕೋಣ."

ಮೈಕ್ ಆಫ್ ಮಾಡಿದ ಮೇಲೆಯೇ ಪವಿತ್ರಾ ಅತ್ತಳು.