ಇರುವೆ ಬಂದರೆ ಕೊಟ್ರವ್ವ

ಐವತ್ತೊಂಬತ್ತನೇ ಇಸವಿಯ ಆ ಸೋಮವಾರವನ್ನು ನೆನೆದರೆ ಈಗಲೂ ನನಗೆ ಕುಣಿಯುವಂತಾಗುತ್ತದೆ! ಚೊಚ್ಚಲ ಬಾಣಂತನಕ್ಕೆಂದು ದಾವಣಗೆರೆಯ ಆನೆಕೊಂಡದಲ್ಲಿದ್ದ ತವರಿಗೆ ಬಂದಿದ್ದೆ. ಮಗನಿಗೆ ನಲವತ್ತು ದಿನ. ಹಿಂದಿನ ಶುಕ್ರವಾರ ಹರಿಹರದಿಂದ ಮೊಮ್ಮಗನನ್ನು ನೋಡಲು ಬಂದ ನನ್ನ ಅತ್ತೆ ಗಿರಿಯಮ್ಮ, ತೊಟ್ಟಿಲ ಬಟ್ಟೆ ಸರಿಸಿದವರೇ ಕಿಟಾರನೆ ಕಿರುಚಿದರು. ಮಗುವಿನ ಕಿವಿಯ ಹಿಂದೆ ಕೆಂಪಿರುವೆ ಕಚ್ಚಿ ನಾಲ್ಕು ದದ್ದು ಎದ್ದಿದ್ದವು.

"ಕೂಸಿನ್ನ ನೋಡ್ಕಣದು ಹಿಂಗೇನ್ರಿ, ಬೀಗ್ತಿ? ಸೋಮವಾರ ಬರ್ತೀನಿ. ಇನ್ನೊಂದು ದದ್ದು ಕಂಡ್ರೆ ತಾಯಿ-ಮಗು ಇಬ್ರನ್ನೂ ಅವತ್ತೇ ಕರ್ಕಂಡು ಹೋಗ್ತೀನಿ."

ನನ್ನವ್ವ ತಿಪ್ಪಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಿಂತಳು. ನನಗಂತೂ ಎದೆ ಒಡೆದುಹೋಯಿತು. ಐದು ತಿಂಗಳು ಅವ್ವನ ಕೈಯಲ್ಲಿ ಎಣ್ಣೆನೀರು ಹಾಕಿಸಿಕೊಂಡು ಹಾಯಾಗಿರಬಹುದೆಂದು ಬಂದವಳು ನಾನು. ಹರಿಹರದಲ್ಲಿ ಹದಿನಾಲ್ಕು ಜನರಿಗೆ ರೊಟ್ಟಿ ತಟ್ಟುವ ಕೆಲಸ ನನಗಾಗಿ ಕಾದಿತ್ತು.

ಶನಿವಾರ ಅವ್ವ ತೊಟ್ಟಿಲ ಕೆಳಗೆ ಅರಿಶಿನದಿಂದ ಗೆರೆ ಎಳೆದಳು. ನೆಲಕ್ಕೆಲ್ಲ ಸುಣ್ಣ ಬಳಿದಳು. ಭಾನುವಾರ ಬೆಳಿಗ್ಗೆ ನೋಡಿದರೆ ತೊಟ್ಟಿಲಲ್ಲಿ ಮತ್ತೆ ಆರು ಇರುವೆ! ಅವ್ವ ಅಂಗಡಿಗೆ ಓಡಿ ಯಾವುದೋ ಬಿಳಿ ಪುಡಿಯ ಪೊಟ್ಟಣ ತಂದಳು. ಅವಳ ಹಿಂದೆಯೇ ಬೈಯುತ್ತ ಬಂದವಳು ಕೊಟ್ರವ್ವ.

"ವಿಷಾನ ತೊಟ್ಟಿಲ ಕೆಳಗೆ ಹಾಕ್ತೀಯೇನೇ ತಿಪ್ಪಿ? ತಲಿ ನೆಟ್ಟಗೈತಾ? ಕೊಡು ಇಲ್ಲಿ!"

ಕೊಟ್ರವ್ವ ನಮ್ಮ ಓಣಿಯ ವಿಧವೆ, ಮಕ್ಕಳಿರಲಿಲ್ಲ. ಬೆಲ್ಲದ ಮಂಡಿಯಲ್ಲಿ ಮೂವತ್ತು ವರ್ಷ ಕಸ ಗುಡಿಸಿದವಳು. ಬೆಲ್ಲ ಇದ್ದಲ್ಲಿ ಇರುವೆ, ಇರುವೆ ಇದ್ದಲ್ಲಿ ಇವಳು. ಯಾರ ಮನೆಯಲ್ಲಿ ಮದುವೆಯಾದರೂ ಹಿಂದಿನ ದಿನ ಅವಳಿಗೆ ಕರೆ ಹೋಗುತ್ತಿತ್ತು, ಲಾಡಿನ ಕೋಣೆಗೆ ಇರುವೆ ಬಾರದಂತೆ ನೋಡಿಕೊಳ್ಳಲು. ಊಟದ ದಿನ ಮಾತ್ರ ಯಾರಿಗೂ ಅವಳ ನೆನಪಾಗುತ್ತಿರಲಿಲ್ಲ. ಎಂಥ ಜನ! ಸುಳ್ಳೇಕೆ ಹೇಳಲಿ, ನನ್ನ ಮಗನನ್ನು ತೊಟ್ಟಿಲಿಗೆ ಹಾಕಿದ ದಿನ ನಾವೂ ಅವಳನ್ನು ಕರೆದಿರಲಿಲ್ಲ.

ಅವಳು ಬಂದು ಗೋಡೆಗೆ ಒರಗಿ ಕೂತಳು. ಏನೂ ಮಾಡಲಿಲ್ಲ, ಸುಮ್ಮನೆ ನೋಡುತ್ತಿದ್ದಳು.

"ಕೊಟ್ರಕ್ಕ, ಹಿಂಗೆ ಕುಂತ್ರೆ ಹೆಂಗೆ? ನಾಳೆ ಬೀಗ್ತಿ ಬರ್ತಾಳೆ!" ಅವ್ವ ಚಡಪಡಿಸಿದಳು.

"ತಡಿಯೇ. ಎಲ್ಲಿಂದ ಬರ್ತೀವಿ ಅಂತ ಅವೇ ಹೇಳ್ತವೆ."

ಸ್ವಲ್ಪ ಹೊತ್ತಿಗೆ ಧಡಕ್ಕನೆ ಎದ್ದು ಕೈ ತಟ್ಟಿ ನಕ್ಕಳು. "ನೆಲ ಯಾಕ ನೋಡ್ತೀರೇ? ಮ್ಯಾಲೆ ನೋಡ್ರೇ!"

ಮೇಲೆ ನೋಡಿದೆವು. ನನಗೆಂದು ಮಾಡಿದ ಅಂಟಿನುಂಡೆಯ ಗಡಿಗೆಯನ್ನು ಅವ್ವ ಇರುವೆಗೆ ಸಿಗಬಾರದೆಂದೇ ತೊಲೆಗೆ ನೇತುಹಾಕಿದ್ದಳು. ತೊಟ್ಟಿಲನ್ನು ಕಟ್ಟಿದ್ದೂ ಅದೇ ತೊಲೆಗೆ! ಗೋಡೆಯ ತೂತಿನಿಂದ ಹೊರಟ ಸಾಲು ತೊಲೆ ಹತ್ತಿ ಗಡಿಗೆಗೆ ಹೋಗುತ್ತಿತ್ತು. ಅದರಲ್ಲಿ ಕೆಲವು ತೊಟ್ಟಿಲ ಹಗ್ಗ ಹಿಡಿದು, ಮಗು ಕಕ್ಕಿದ ಹಾಲಿನ ವಾಸನೆಗೆ ಇಳಿಯುತ್ತಿದ್ದವು.

"ಭಪ್ಪರೇ ತಿಪ್ಪಿ! ಮಗಳ ಜೊತೆಗೆ ಇರುವೆಗೂ ಬಾಣಂತನ ಮಾಡ್ತಿದೀಯಲ್ಲೇ!"

ಅವ್ವ ಹಣೆ ಚಚ್ಚಿಕೊಂಡಳು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಆಮೇಲೆ ನೋಡಬೇಕಿತ್ತು ಕೊಟ್ರವ್ವನ ಓಡಾಟವನ್ನು! ಗಡಿಗೆ ಇಳಿಸಿ ಅಡುಗೆಮನೆಯಲ್ಲಿ ನೀರು ತುಂಬಿದ ಪರಾತದ ನಡುವೆ ಇಟ್ಟಳು. ಬೇವಿನ ಸೊಪ್ಪು ಕುದಿಸಿದ ನೀರಿನಿಂದ ತೊಲೆಯನ್ನು ಮೂರು ಸಲ ಒರೆಸಿದಳು. ದಾರಿಯ ವಾಸನೆ ಹೋದರೆ ಹಿಂದಿನ ಇರುವೆಗೆ ದಿಕ್ಕು ತಪ್ಪುತ್ತದಂತೆ. ತೊಟ್ಟಿಲ ಹಗ್ಗಗಳ ಮೇಲ್ತುದಿಗೆ ಹರಳೆಣ್ಣೆಯಲ್ಲಿ ಅದ್ದಿದ ಬಟ್ಟೆ ಸುತ್ತಿದಳು. ಗೋಡೆಯ ತೂತಿಗೆ ಬಜೆ ಪುಡಿ ತುಂಬಿದಳು. ಕೊನೆಗೆ ಎರಡು ಉಂಡೆ ಪುಡಿ ಮಾಡಿ ಹಿತ್ತಲ ಗೋಡೆಯ ಬುಡಕ್ಕೆ ಚೆಲ್ಲಿದಳು. "ಅವಕ್ಕೂ ಹೊಟ್ಟಿ ಐತೆ" ಎಂದಳು. ಮಧ್ಯಾಹ್ನದ ಹೊತ್ತಿಗೆ ಸಾಲಿಗೆ ಸಾಲೇ ಹಿತ್ತಲಿಗೆ ತಿರುಗಿತ್ತು!

ಸೋಮವಾರ ಅತ್ತೆ ಟಾಂಗಾವನ್ನು ಬಾಗಿಲಲ್ಲೇ ನಿಲ್ಲಿಸಿಕೊಂಡು ಒಳಗೆ ಬಂದರು. ಮಗುವಿನ ಬಟ್ಟೆ ಬಿಚ್ಚಿ, ಕನ್ನಡಕ ಏರಿಸಿ, ಅಡಿಯಿಂದ ಮುಡಿಯವರೆಗೆ ನೋಡಿದರು. ಹೊಸ ದದ್ದು ಒಂದೂ ಇರಲಿಲ್ಲ. ಅತ್ತೆ ಹಗ್ಗದ ಎಣ್ಣೆಬಟ್ಟೆ ಮುಟ್ಟಿ ಮೂಸಿದರು.

"ಯಾರ ಕೆಲಸ ಇದು?"

ಅವ್ವ ಹೇಳಿದಳು. ಅತ್ತೆ ಕೊಟ್ರವ್ವನನ್ನು ಕರೆಸಿದರು.

"ನಾಡಿದ್ದು ನಮ್ಮ ಮನ್ಯಾಗೆ ಮಗಳ ನಿಶ್ಚಯ. ಉಂಡಿ ಇಟ್ಟ ಕೋಣಿ ತುಂಬಾ ಇರುವಿ. ಈಗ್ಲೇ ಬರ್ತೀರೇನ್ರಿ?"

"ಬರ್ತೀನ್ರಿ ಅಮ್ಮಾರೆ. ಕೆಲಸ ಮುಗ್ಸಿ ನಾಳೆನೇ ವಾಪಸ್ ಬಂದುಬಿಡ್ತೀನಿ."

"ನಾಳೆ ಯಾಕ? ನಿಶ್ಚಯದ ಊಟಕ್ಕೆ ಇರ್ಬೇಕು. ನನ್ನ ಪಕ್ಕಾನೇ ಕೂಡ್ರಿ."

ಕೊಟ್ರವ್ವ ಅವ್ವನ ಕಿವಿಯಲ್ಲಿ, "ತಿಪ್ಪಿ, ಒಂದು ಚಲೋ ಸೀರಿ ಕೊಡೇ" ಎಂದಳು. ಅವ್ವ ಒಳಗೆ ಹೋಗಿ, ತೊಟ್ಟಿಲ ದಿನ ತಾನು ಉಟ್ಟಿದ್ದ ರೇಷ್ಮೆಯನ್ನೇ ತಂದು ಕೊಟ್ಟಳು.

ನನ್ನನ್ನು ಕರೆದೊಯ್ಯಲು ಬಂದಿದ್ದ ಟಾಂಗಾದಲ್ಲಿ ಕೊಟ್ರವ್ವ ಹೊರಟಳು. ನನಗೆ ಸಂತೋಷವೂ ತಡೆಯಲಾಗಲಿಲ್ಲ, ನಾಚಿಕೆಯೂ ತಡೆಯಲಾಗಲಿಲ್ಲ. ಮಗುವನ್ನು ಎತ್ತಿಕೊಂಡು ಹೊಸ್ತಿಲಿಗೆ ಓಡಿ, ಬಾಣಂತಿ ಎಂಬುದನ್ನೂ ಮರೆತು ಕೂಗಿದೆ:

"ಕೊಟ್ರವ್ವಾ, ಬಂದ ಮೇಲೆ ನಮ್ಮನಿಗೂ ಬರ್ಬೇಕು!"

ಅವಳು ತಿರುಗಿ ಕೂಗಿದಳು, "ಯಾಕವ್ವಾ, ಇನ್ನೂ ಇರುವಿ ಅದಾವೇನು?"

"ಇಲ್ಲ! ಊಟಕ್ಕೆ!"