ಮೋರಿ ಕಿಂಡಿಯ ಅಕ್ಕ

ಹೋದ ವಾರ ನಮ್ಮ ಮನೆಯ ಬಟ್ಟೆ ಒಗೆಯುವ ಮೆಷಿನ್ ಅರ್ಧಕ್ಕೇ ನಿಂತುಬಿಟ್ಟಿತು. ಒಳಗೆ ನೀರು ತುಂಬಿಕೊಂಡಿತ್ತು. ಬಟ್ಟೆಗಳೆಲ್ಲ ಗಾಜಿನ ಬಾಗಿಲಿಗೆ ಒತ್ತಿಕೊಂಡಿದ್ದವು. ಬಾಗಿಲು ಎಷ್ಟು ಎಳೆದರೂ ಬರಲಿಲ್ಲ. ಕೆಲಸಕ್ಕೆ ಹೋಗಿದ್ದ ಮಗಳಿಗೆ ಫೋನು ಮಾಡಿದೆ. "ಕೆಳಗಡೆ ಬಲಕ್ಕೆ ಒಂದು ಸಣ್ಣ ಮುಚ್ಚಳ ಇದೆಯಮ್ಮ, ಅದರೊಳಗೆ ಫಿಲ್ಟರ್. ಕಸ ಕಟ್ಟಿರುತ್ತೆ. ನೀನು ಕೂತು ಬಗ್ಗಿ ಮಾಡಬೇಡ, ನಾನೇ ಬಂದು ನೋಡ್ತೀನಿ" ಅಂದಳು.

ನಾನು ಕೇಳಲಿಲ್ಲ. ಸ್ವಿಚ್ ಆರಿಸಿ, ಹಳೆಯ ಟವೆಲ್ ಹಾಸಿ, ತಗ್ಗಾದ ತಟ್ಟೆಯೊಂದನ್ನು ಇಟ್ಟುಕೊಂಡು ಕೂತೆ. ಫಿಲ್ಟರನ್ನು ಒಂದಿಷ್ಟು ತಿರುಗಿಸಿದರೆ ನೀರು ಬುಳಬುಳನೆ ಬರುತ್ತಿತ್ತು. ತಟ್ಟೆ ತುಂಬಿದೊಡನೆ ಬಿಗಿ ಮಾಡುವುದು, ಚೆಲ್ಲಿ ಬರುವುದು, ಮತ್ತೆ ಸಡಿಲಿಸುವುದು. ಕೊನೆಗೆ ಅದನ್ನು ಪೂರ್ತಿ ಎಳೆದಾಗ ಬೂದು ಬಣ್ಣದ ನಾರಿನ ಉಂಡೆಯೊಂದು ಲೋಳೆಲೋಳೆಯಾಗಿ ಕೈಗೆ ಬಂತು. ಅದರಲ್ಲಿ ಕೂದಲು, ಒಂದು ಗುಂಡಿ, ಒಂದು ಪಿನ್ನು. ಫಿಲ್ಟರಿನ ರಬ್ಬರ್ ಉಂಗುರ ಸೀಳಿಹೋಗಿತ್ತು. ಸಂಜೆ ಮಗಳು ಹೊಸ ಫಿಲ್ಟರ್ ತಂದು ಕೂರಿಸಿದಳು, ಮೆಷಿನ್ ನಡೆಯಿತು. ನಾನು ಮಾತ್ರ ಅಷ್ಟು ಹೊತ್ತಿಗೆ ಬೇರೆಲ್ಲೋ ಇದ್ದೆ. ಸೋಪು, ನಿಂತ ನೀರು, ಕೊಳೆತ ಎಳೆ ಎಲ್ಲ ಸೇರಿದ ಆ ವಾಸನೆ ನನಗೆ ಹೊಸದಲ್ಲ. ಆ ವಾಸನೆಯ ಪಕ್ಕದಲ್ಲೇ ನಾನು ಮೊದಲ ಸಂಸಾರ ಹೂಡಿದ್ದು...

ಅರವತ್ತರ ದಶಕದ ಮಾತು. ಮದುವೆಯಾದ ಹೊಸತರಲ್ಲಿ ನಾನು ಕೊಳ್ಳೇಗಾಲಕ್ಕೆ ಬಂದೆ. ನಮ್ಮೆಜಮಾನರು ಅಲ್ಲಿ ಪ್ರೈಮರಿ ಶಾಲೆಯ ಮೇಷ್ಟ್ರು. ಬಾಡಿಗೆ ಮನೆ ಸಿಕ್ಕಿದ್ದು ರೇಷ್ಮೆ ನೇಯುವವರ ಬೀದಿಯಲ್ಲಿ. ಪಕ್ಕದ ಮನೆಯಲ್ಲಿ ನೇಯ್ಗೆ ಇರಲಿಲ್ಲ, ನೇಯುವ ಮುಂಚಿನ ಕೆಲಸವಿತ್ತು. ಹಸಿ ರೇಷ್ಮೆ ನೂಲಿನಲ್ಲಿ ಒಂದು ಬಗೆಯ ಅಂಟಿರುತ್ತದೆ. ಸೋಪು, ಸೋಡಾ ಹಾಕಿದ ನೀರಿನಲ್ಲಿ ನೂಲನ್ನು ಬೇಯಿಸಿ, ಜಾಲಿಸಿ, ಆ ಅಂಟು ತೆಗೆದರೇನೇ ಬಣ್ಣ ಹಿಡಿಯುವುದು, ಹೊಳಪು ಬರುವುದು. ಆ ನೀರೆಲ್ಲ ನಮ್ಮಿಬ್ಬರ ಹಿತ್ತಿಲ ನಡುವಿನ ಮಣ್ಣಿನ ಗೋಡೆಯ ಬುಡದಲ್ಲಿದ್ದ ಕಿಂಡಿಯಿಂದ ನಮ್ಮ ಮೋರಿಗೆ ಬಂದು ಬೀದಿ ಚರಂಡಿಗೆ ಹೋಗುತ್ತಿತ್ತು.

ಕಿಂಡಿಗೆ ತುಕ್ಕು ಹಿಡಿದ ತಂತಿಜಾಲರಿ ಇತ್ತು. ಅದಕ್ಕೆ ರೇಷ್ಮೆ ಎಳೆಗಳು ಸಿಕ್ಕಿ ಮೆತ್ತಿಕೊಂಡು ನೀರು ಆಚೆಯೇ ನಿಲ್ಲುತ್ತಿತ್ತು, ನಿಂತು ನಾರುತ್ತಿತ್ತು. ಒಂದು ದಿನ ತಡೆಯಲಾರದೆ ಕಡ್ಡಿ ಹಿಡಿದು ಕೂತು ಕೆದಕಿದೆ. ಆಚೆಯಿಂದ ಒಂದು ಕೈ ಬಂದು ಕಡ್ಡಿಯನ್ನು ಹಿಡಿದುಕೊಂಡಿತು. ಸೋಡಾಕ್ಕೆ ಬೆಂದು, ಬಿಳುಚಿ, ಬೆರಳ ಸಂದಿಯಲ್ಲಿ ಬಿರುಕು ಬಿಟ್ಟ ಕೈ.

"ಅಂಗೆ ಚುಚ್ಬ್ಯಾಡ ಕಣವ್ವ, ಗ್ವಾಡೆ ಮೆತ್ಗಾಗದೆ. ಒಸಿ ತಡಿ, ನಾನೇ ಈಕಡೆಯಿಂದ ತಗೀತೀನಿ."

ಅವಳ ಮುಖ ನೋಡುವ ಮೊದಲು ನಾನು ನೋಡಿದ್ದು ಅವಳ ಕೈಯನ್ನು, ಕೇಳಿದ್ದು ಅವಳ ದನಿಯನ್ನು. ಆಮೇಲೆ ಅವಳನ್ನು ಅಕ್ಕ ಎಂದೇ ಕರೆದೆ. ಆ ಮನೆಯ ಯಜಮಾನನ ತಂಗಿ ಅವಳು. ಯಳಂದೂರಿಗೆ ಕೊಟ್ಟಿದ್ದರು. ಒಂದು ಹೆಣ್ಣು ಮಗುವಾದ ಮೇಲೆ ಮತ್ತೆ ಬಸಿರು ನಿಲ್ಲಲಿಲ್ಲವೆಂದು ಗಂಡ ಇನ್ನೊಬ್ಬಳನ್ನು ಕಟ್ಟಿಕೊಂಡ. ಇವಳನ್ನು ತವರಿಗೆ ಕಳಿಸಿದ, ಇನ್ನೂ ತೊದಲುತ್ತಿದ್ದ ಮಗುವನ್ನು ಇಟ್ಟುಕೊಂಡ. ಅಣ್ಣನಿಗೆ ಅದು ತನ್ನ ಮನೆಯ ಮರ್ಯಾದೆಯ ಪ್ರಶ್ನೆಯಾಯಿತು. ಬೀದಿಯವರ ಕಣ್ಣಿಗೆ ತಂಗಿ ಬೀಳಕೂಡದು. ನೀರಿಗೂ ಅವಳು ಹೊರಗೆ ಬರುವ ಹಾಗಿರಲಿಲ್ಲ, ಹಿತ್ತಿಲಲ್ಲೇ ಬಾವಿ ಇತ್ತು. ಅಣ್ಣ ಅತ್ತಿಗೆ ಹೊರಗೆ ಹೋಗುವಾಗ ಬೀದಿ ಬಾಗಿಲಿಗೆ ಬೀಗ ಬೀಳುತ್ತಿತ್ತು. ನೂಲು ಕದ್ದುಹೋದೀತೆಂದು ಬೀಗ ಎಂದು ಅವನು ಎಲ್ಲರಿಗೂ ಹೇಳುತ್ತಿದ್ದ. ಬೀದಿಯಲ್ಲಿ ಯಾರೂ ಅದಕ್ಕೆ ಎದುರು ಹೇಳಿದವರಲ್ಲ.

ನನ್ನ ಸ್ಥಿತಿಯೂ ಅಂಥ ದೊಡ್ಡದೇನಾಗಿರಲಿಲ್ಲ. ಹೊಸ ಊರು, ಪರಿಚಯವಿಲ್ಲದ ಜನ, ಗಂಡನನ್ನು ಕೇಳದೆ ಅಂಗಡಿಗೂ ಹೋಗದ ಕಾಲ. ಹಾಗಾಗಿ ಮಧ್ಯಾಹ್ನ ಮೋರಿಯ ಪಕ್ಕ ಕೂರುವುದು ನನಗೂ ಬೇಕಾಯಿತು. ಜಾಲರಿ ತುಕ್ಕು ತಿಂದು ಉದುರಿದಾಗ ಅಕ್ಕ ಹಳೇ ಮಗ್ಗದ ಹಣಿಗೆಯೊಂದನ್ನು ಅಟ್ಟದಿಂದ ತೆಗೆದಳು. ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ, ಉದ್ದ ಬಾಚಣಿಗೆಯಂಥ ವಸ್ತು ಅದು. ಅದನ್ನು ಮುರಿದು ಕಿಂಡಿಯ ಅಳತೆಗೆ ನಾವಿಬ್ಬರೂ ಆಚೆಗೊಬ್ಬರು ಈಚೆಗೊಬ್ಬರು ಕೂತು ಕೂರಿಸಿದೆವು. ನೀರು ಸರಾಗ ಹರಿಯಿತು. ಅಕ್ಕ ಆಚೆಯಿಂದ ನಕ್ಕಳು. ಅವಳು ನಕ್ಕಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಅವಳ ಮಾತೆಲ್ಲ ಸುತ್ತಿ ಬಳಸಿ ಮಗಳ ಹತ್ತಿರಕ್ಕೇ ಬರುತ್ತಿತ್ತು. ಈಗ ಎಷ್ಟು ಉದ್ದ ಆಗಿರಬಹುದು, ಹಲ್ಲು ಬಿದ್ದಿರಬಹುದೇ, ಕೂದಲು ಅವರಪ್ಪನ ಥರ ಗುಂಗುರೋ ತನ್ನ ಥರ ನೀಟೋ... "ಒಂದ್ಸಲ ನೋಡ್ಬುಟ್ರೆ ಸಾಕು ಕಣವ್ವ. ಕರ್ಕಬತ್ತೀನಿ ಅನ್ನಲ್ಲ. ಎಲ್ಲಿ ಮಡಗ್ಲಿ ಕರ್ಕಬಂದು? ಬರೀ ನೋಡ್ಬೇಕು."

ಅಣ್ಣನನ್ನು ಕೇಳಿದ್ದಳಂತೆ. ಅವನು ಬೇಯುತ್ತಿದ್ದ ಹಂಡೆಯ ಕಡೆ ಕೈ ತೋರಿಸಿ, "ಕೆಲ್ಸ ನೋಡು" ಅಂದನಂತೆ. ಅಷ್ಟೇ.

ಮಧುವನಹಳ್ಳಿಯಲ್ಲಿ ನಂಟರ ಮದುವೆಯೆಂದು ಒಂದು ಬೆಳಿಗ್ಗೆ ಅಣ್ಣ ಅತ್ತಿಗೆ ಇಬ್ಬರೂ ಹೊರಟರು. ಬೀಗ ಬಿದ್ದ ಸದ್ದು ನಮ್ಮ ಮನೆಗೆ ಕೇಳಿಸಿತು. ನಮ್ಮೆಜಮಾನರು ಶಾಲೆಗೆ ಹೋದ ಮೇಲೆ ಹಿತ್ತಿಲಿಗೆ ಬಂದರೆ ಹಣಿಗೆ ಕಿಂಡಿಯಲ್ಲಿರಲಿಲ್ಲ. ಅಕ್ಕ ಅದನ್ನು ಕಿತ್ತಿಟ್ಟು, ಸೌದೆ ಸೀಳಿನಿಂದ ಕಿಂಡಿಯ ಸುತ್ತಲ ಮಣ್ಣನ್ನು ಕೆರೆಯುತ್ತಿದ್ದಳು. ವರ್ಷಾನುಗಟ್ಟಲೆ ಸೋಪಿನ ನೀರು ಕುಡಿದ ಗೋಡೆ ಹೆಂಟೆಹೆಂಟೆಯಾಗಿ ಬೀಳುತ್ತಿತ್ತು.

"ಏನಕ್ಕ ಇದು!"

"ಯಳಂದೂರ್ಗೆ ಓಯ್ತೀನಿ. ಅವ್ರು ಬರದ್ರೊಳ್ಗೆ ಬಂದ್ಬುಡ್ತೀನಿ. ನೀನು ಕೂಗಾಡ್ಬ್ಯಾಡ, ಅಷ್ಟು ಮಾಡು."

ನಾನು ಕೂಗಲಿಲ್ಲ. ಒಳಗಿಂದ ಗುದ್ದಲಿ ತಂದು ಈಚೆಯಿಂದ ಕೆರೆಯತೊಡಗಿದೆ. ಕಿಂಡಿ ದೊಡ್ಡದಾಗುತ್ತ ಬಂದಂತೆ ಒಂದು ಕಡೆ ಚಪ್ಪಡಿ ಕಲ್ಲು ಸಿಕ್ಕಿತು, ಅದು ಮಿಸುಕಲಿಲ್ಲ. ಇಷ್ಟು ಸಾಕು ಎಂದು ಅವಳು ತಲೆ ತೂರಿಸಿದಳು. ಭುಜ ಬಂತು. ಕೈಗಳು ಬಂದವು. ಸೊಂಟದ ಹತ್ತಿರ ಸಿಕ್ಕಿಕೊಂಡಳು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಮೋರಿಯ ಲೋಳೆಯಲ್ಲಿ ಅವಳ ಗಲ್ಲ ತಾಗುತ್ತಿತ್ತು. ಮೇಲಿನ ಗೋಡೆ ಅವಳ ಬೆನ್ನ ಮೇಲೆ ಕುಸಿದರೆ... ಕರೆಯೋಣವೆಂದರೆ ಯಾರನ್ನು? ಕರೆದರೆ ಬೀದಿಯೇ ಬರುತ್ತದೆ. ಅವಳ ಕಣ್ಣಲ್ಲಿ ನೀರು ಬಂದಿತ್ತು, ಬಾಯಿಂದ ಮಾತ್ರ ಸದ್ದಿಲ್ಲ.

"ಎಳಿ ಕಣವ್ವ," ಅಂದಳು. "ತೊಗ್ಲು ಓದ್ರೆ ಓಗ್ಲಿ, ಎಳಿ."

ಅವಳ ಕಂಕುಳಿಗೆ ಕೈ ಹಾಕಿ, ಗೋಡೆಗೆ ಕಾಲು ಕೊಟ್ಟು ಎಳೆದೆ. ಸೀರೆ ಹರಿಯಿತು, ಸೊಂಟದ ಪಕ್ಕ ಉದ್ದಕ್ಕೆ ತರಚಿ ರಕ್ತ ಬಂತು. ಅವಳು ನನ್ನ ಹಿತ್ತಿಲಲ್ಲಿ ಬಂದು ಬಿದ್ದಳು. ಅವಳು ನನಗಿಂತ ಗಿಡ್ಡ ಎಂದು ನನಗೆ ಗೊತ್ತಾದದ್ದು ಆಗ. ನೀರು ಹುಯ್ದು, ನನ್ನ ಸೀರೆ ಉಡಿಸಿ, ತಲೆ ಒರೆಸಿದೆ. ಬಸ್ಸಿಗೆ ಬೇಕಾದ್ದನ್ನು ಸೆರಗಿಗೆ ಕಟ್ಟಿದೆ. ಬಾಗಿಲಲ್ಲಿ ಒಂದು ಗಳಿಗೆ ನಿಂತು ಬೀದಿಯನ್ನು ಆ ತುದಿಯಿಂದ ಈ ತುದಿಗೆ ನೋಡಿದಳು. ಆಮೇಲೆ ಸೆರಗನ್ನು ತಲೆ ಮೇಲೆ ಎಳೆದುಕೊಂಡು ಹೋದಳು.

ಆ ದಿನ ನಾನು ಅನ್ನ ಬೇಯಿಸಿದೆನೋ ಇಲ್ಲವೋ ನೆನಪಿಲ್ಲ. ಬೀದಿಯಲ್ಲಿ ಗಾಡಿ ಸದ್ದಾದರೆ ಅವಳ ಅಣ್ಣ ಬಂದನೇ ಎಂದು ಕಿಟಕಿಗೆ ಓಡುತ್ತಿದ್ದೆ. ಅವಳು ವಾಪಸು ಬರದಿದ್ದರೆ ಸಾಕು ಎಂದು ಒಮ್ಮೆ, ಬಂದರೆ ಸಾಕು ಎಂದು ಇನ್ನೊಮ್ಮೆ ಅನ್ನಿಸುತ್ತಿತ್ತು.

ದೀಪ ಹಚ್ಚುವ ಹೊತ್ತಿಗೆ, ನಮ್ಮೆಜಮಾನರು ಪೇಟೆ ಕಡೆ ಹೋಗಿದ್ದಾಗ, ಬಂದಳು. ಹಿತ್ತಿಲ ಕಲ್ಲಿನ ಮೇಲೆ ಕೂತು, ಕೇಳದೆಯೇ ಹೇಳಿದಳು. ಗಂಡ ಮನೆಯಲ್ಲಿರಲಿಲ್ಲ. ಆ ಎರಡನೆಯವಳು ಬಾಗಿಲಿಗೆ ಬಂದು ಇವಳನ್ನು ನೋಡಿ ಬೆಪ್ಪಾಗಿ ನಿಂತಳಂತೆ. ಬೈಯಲಿಲ್ಲ. ಒಳಗೆ ಕರೆದು ಊಟಕ್ಕಿಟ್ಟಳು. ಮಗು ಅವಳ ಸೆರಗಿನ ಹಿಂದೆ ನಿಂತು ಇಣುಕುತ್ತಿತ್ತು. ಯಾರಿದು ಎಂದು ಮಗು ಕೇಳಿದ್ದಕ್ಕೆ ಇವಳೇ, "ಕೊಳ್ಳೇಗಾಲದ ಅತ್ತೆ ಕಣವ್ವ" ಅಂದಳಂತೆ.

"ತಲೆ ಬಾಚ್ಲಾ ಅಂತ ಕೇಳ್ದೆ. ಬಂದು ಕುಂತ್ಕತು. ಬಾಚಿ ಎರಡು ಜಡೆ ಆಕ್ದೆ. ನನ್ ತರನೇ ಕಣೆ ಕೂದ್ಲು, ನೀಟು." ಸೆರಗಿನಿಂದ ಮುಖ ಒರೆಸಿಕೊಂಡು ಮುಂದುವರಿಸಿದಳು. "ಒರಡೋವಾಗ ಅವ್ಳು ಬಾಗ್ಲಗಂಟ ಬಂದು ನನ್ ಕೈ ಇಡ್ಕಂಡ್ಳು. ಅಕ್ಕಾ, ಇನ್ನೊಂದ್ಸಲ ಬರ್ಬ್ಯಾಡಿ, ಅವ್ರಿಗೆ ಗೊತ್ತಾದ್ರೆ ನನ್ನ ಕೊಂದಾಕ್ತಾರೆ ಅಂತ ಅತ್ಲು. ಬೆನ್ನ ಮ್ಯಾಲೆ ಬಾಸುಂಡೆ ತೋರುಸ್ದ್ಲು. ಏನೇಳ್ಲಿ? ಬರಲ್ಲ ಬುಡು ಅಂದೆ."

"ಅಕ್ಕ, ಒಳಗೆ ಹೋಗಬೇಡ. ಇಲ್ಲೇ ಇರು. ಇವರಿಗೆ ನಾನು ಹೇಳ್ತೀನಿ" ಅಂದೆ. ಹೇಳುವಾಗಲೇ ನನ್ನ ಮಾತಿಗೆ ಬಲವಿಲ್ಲವೆಂದು ನನಗೆ ಗೊತ್ತಿತ್ತು. ಅವಳಿಗೂ ಗೊತ್ತಿತ್ತು. ನನ್ನ ಸೀರೆ ಬಿಚ್ಚಿ, ತನ್ನ ಹರಿದ ಸೀರೆ ಸುತ್ತಿಕೊಂಡು, ಈ ಸಲ ಕಾಲು ಮೊದಲು ತೂರಿಸಿ ಕಿಂಡಿಯೊಳಗೆ ಜಾರಿದಳು. ಹೋಗುವುದು ಬರುವುದಕ್ಕಿಂತ ಸುಲಭವಾಯಿತು. ಮಣ್ಣು ಕಲಸಿ ಎರಡು ಕಡೆಯಿಂದಲೂ ಮೆತ್ತಿದೆವು.

ಹಸಿ ಮಣ್ಣು ಎಷ್ಟು ದಿನ ನಿಂತೀತು? ಮುಂದಿನ ಸಲ ಹಂಡೆಯ ಬಿಸಿನೀರು ಚೆಲ್ಲಿದಾಗ ಅದು ಕೊಚ್ಚಿಹೋಯಿತು. ಅಷ್ಟು ದೊಡ್ಡ ಬಾಯಿ ನೋಡಿದ ಅಣ್ಣನಿಗೆ ಬೇರೆ ಹೇಳಬೇಕಾಗಿರಲಿಲ್ಲ. ಆಚೆ ಹೊಡೆದ ಸದ್ದು ನಮಗೆ ಕೇಳಿಸಿತು. ನಮ್ಮೆಜಮಾನರು ಎದ್ದು ಹೋಗಿ ಅವರ ಬಾಗಿಲು ತಟ್ಟಿದರು. ಅವನು ಬಾಗಿಲಿಗೆ ಬಂದು ಕೈ ಮುಗಿದೇ ಮಾತಾಡಿದ. "ಮೇಷ್ಟ್ರೇ, ಓದ್ಸೋದ್ರಲ್ಲಿ ನೀವು ದೊಡ್ಡೋರು ಸಾ. ನಮ್ಮನೆ ಎಂಗುಸ್ರ ಇಚಾರ ನಮ್ಗೆ ಬುಡಿ." ಆ ವಾರವೇ ಗಾರೆಯವರು ಬಂದು ಕಿಂಡಿಯನ್ನು ಇಟ್ಟಿಗೆ, ಸಿಮೆಂಟಿನಿಂದ ಮುಚ್ಚಿದರು. ಅವರ ನೀರಿಗೆ ಇನ್ನೊಂದು ಕಡೆ ದಾರಿಯಾಯಿತು. ನಮ್ಮ ಮೋರಿ ಒಣಗಿತು. ಗೋಡೆಗೆ ಕಿವಿಯಿಟ್ಟರೆ ನೂಲು ಜಾಲಿಸುವ ಸದ್ದು ಮಾತ್ರ ಕೇಳುತ್ತಿತ್ತು. ನಾನು ಅಕ್ಕಾ ಅಂದರೆ ಆ ಸದ್ದು ಒಂದು ಗಳಿಗೆ ನಿಲ್ಲುತ್ತಿತ್ತು, ಮತ್ತೆ ಶುರುವಾಗುತ್ತಿತ್ತು...

ನಮಗೆ ಹನೂರಿಗೆ ವರ್ಗವಾಯಿತು. ಎಪ್ಪತ್ತರ ದಶಕದಲ್ಲಿ ಒಮ್ಮೆ ನಾದಿನಿಯ ಮದುವೆ ಸೀರೆಗೆಂದು ಕೊಳ್ಳೇಗಾಲಕ್ಕೆ ಹೋದಾಗ ಆ ಬೀದಿಗೆ ಹೋದೆ. ಪಕ್ಕದ ಮನೆಯ ಬಾಗಿಲು ಹಾರು ಹೊಡೆದಿತ್ತು. ಜಗಲಿಯಲ್ಲಿ ಕೂತಿದ್ದ ಅಣ್ಣನಿಗೆ ಒಂದು ಕೈ ಸ್ವಾಧೀನವಿರಲಿಲ್ಲ. ನನ್ನ ಗುರುತು ಹಿಡಿದ, ಮುಖ ತಿರುಗಿಸಲಿಲ್ಲ. "ಓಗವ್ವ, ಒಳ್ಗೇ ಅವ್ಳೆ. ನಾನೀಗ ಬೀಗ ಆಕಲ್ಲ. ಅವ್ಳೇ ಈಚ್ಗೆ ಬರಲ್ಲ" ಅಂದ.

ಅಕ್ಕ ಹೊಸಲಿನ ತನಕ ಬಂದಳು. ಕೂದಲು ನೆರೆತಿತ್ತು. ನನ್ನ ಮುಖವನ್ನು ಎರಡು ಕೈಯಲ್ಲೂ ಹಿಡಿದುಕೊಂಡಳು. "ಬಾ ಅಕ್ಕ, ಯಳಂದೂರಿಗೆ ಹೋಗಿ ಬರೋಣ. ಇವತ್ತೇ ಹೋಗೋಣ" ಅಂದೆ. ಅವಳು ಬೀದಿಯನ್ನು ನೋಡಿದಳು. ಬಿಸಿಲಿತ್ತು, ಜನ ಓಡಾಡುತ್ತಿದ್ದರು. ಕಾಲು ಎತ್ತಲಿಲ್ಲ.

"ಬರಲ್ಲ ಅಂತ ಏಳ್ಬುಟ್ಟಿವ್ನಿ ಕಣವ್ವ, ಬಾಸುಂಡೆ ತೋರುಸ್ದ ಆ ಯೆಣ್ಗೆ," ಅಂದಳು.

ಅದೇ ಕೊನೆ. ಅವಳು ತೀರಿಹೋದ ಸುದ್ದಿ ನನಗೆ ಮುಟ್ಟಿದ್ದು ಎಷ್ಟೋ ವರ್ಷದ ಮೇಲೆ, ಯಾವುದೋ ಮದುವೆ ಮನೆಯಲ್ಲಿ, ಬೇರೆ ಮಾತಿನ ನಡುವೆ. ಈಗ ಆ ಅಣ್ಣನೂ ಇಲ್ಲ, ನಮ್ಮೆಜಮಾನರೂ ಇಲ್ಲ. ಆ ಮಗಳು ಎಲ್ಲಾದರೂ ಇದ್ದರೆ ಅವಳಿಗೂ ಮೊಮ್ಮಕ್ಕಳಾಗಿರಬೇಕು. ಒಂದು ಮಧ್ಯಾಹ್ನ ಕೊಳ್ಳೇಗಾಲದ ಅತ್ತೆಯೊಬ್ಬಳು ಬಂದು ತಲೆ ಬಾಚಿ ಹೋದದ್ದು ಅವಳಿಗೆ ನೆನಪಿದೆಯೋ ಇಲ್ಲವೋ. ಅತ್ತೆಯಲ್ಲ, ನಿನ್ನ ತಾಯಿ ಎಂದು ಹೇಳಬಲ್ಲವರಲ್ಲಿ, ನನಗೆ ತಿಳಿದಂತೆ, ನಾನೊಬ್ಬಳೇ ಉಳಿದಿದ್ದೇನೆ. ಅವಳನ್ನು ಎಲ್ಲಿ ಹುಡುಕಬೇಕೆಂದು ನನಗೆ ಗೊತ್ತಿಲ್ಲ.