ಎರಡನೇ ಬದಿಯ ಬಗ್ಗೆ ನಾನು ಬರೆದದ್ದು

ಎಂಬತ್ತರ ದಶಕದ ನಡುವಿನಲ್ಲಿ ನಾನು ಅರಸೀಕೆರೆಯ ಒಂದು ವಾರಪತ್ರಿಕೆಯಲ್ಲಿದ್ದೆ. ಕೊಬ್ಬರಿ ಧಾರಣೆ, ಪುರಸಭೆ ಸಭೆ, ರೈಲು ತಡವಾದ ಸುದ್ದಿ ನನ್ನ ಪಾಲಿನವು. ಸಂಗೀತದ ಬಗ್ಗೆ ಬರೆದದ್ದು ಒಂದೇ ಸಲ.

ನಮ್ಮೂರಿನ ಮೂವರು ಮದುವೆ ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ನುಡಿಸುತ್ತಿದ್ದರು. ಅವರಲ್ಲಿ ಹಾಡುವವನಿಗೆ ಬಸ್ ನಿಲ್ದಾಣದ ಹಿಂದೆ ರೇಡಿಯೋ ರಿಪೇರಿ ಅಂಗಡಿಯಿತ್ತು. ಬಿಕ್ಕೋಡಿನ ಎಸ್ಟೇಟಿನಿಂದ ರಿಪೇರಿಗೆ ಬಂದ ಟೇಪ್ ರೆಕಾರ್ಡರಿನೊಳಗೆ ಅವನಿಗೊಂದು ಇಂಗ್ಲಿಷ್ ಕ್ಯಾಸೆಟ್ ಸಿಕ್ಕಿತು. ಪಂಕ್ ಅನ್ನುವ ಗದ್ದಲದ ಹಾಡುಗಳ ಕಾಲ ಮುಗಿದ ಮೇಲೆ ಇಂಗ್ಲಿಷರ ದೇಶದಲ್ಲಿ ಹುಟ್ಟಿದ ಸಂಗೀತವಂತೆ. ಬೇಸ್ ಗಿಟಾರ್ ಎಲ್ಲಕ್ಕಿಂತ ಮುಂದೆ, ಒಣ ಡ್ರಮ್ಮು, ಜಗಳಕ್ಕೆ ನಿಂತವನಂತೆ ಹಾಡುವ ಗಾಯಕ. ಅದನ್ನು ಕೇಳಿ ಇವನು ಕನ್ನಡದಲ್ಲಿ ಎಂಟು ಹಾಡು ಬರೆದ. ಒಂದು ಗೇಟು ಹಾಕಿದ ಲೆವೆಲ್ ಕ್ರಾಸಿಂಗಿನ ಮೇಲೆ, ಇನ್ನೊಂದು ಹಳೇಬೀಡಿನಲ್ಲಿ ಪ್ರವಾಸಿಗರ ಫೋಟೊ ತೆಗೆದು ಬದುಕುವವನ ಮೇಲೆ.

ಮೂವರೂ ಸೇರಿ ಕ್ಯಾಸೆಟ್ ಮಾಡಿ, ಕೆಲವು ಪ್ರತಿ ತೆಗೆದರು. ಬೇಸ್ ಮತ್ತು ಡ್ರಮ್ಮಿನವರದು ಒಂದು ಷರತ್ತಿತ್ತು. ಪತ್ರಿಕೆಯಲ್ಲಿ ಒಳ್ಳೆಯ ಮಾತು ಬಂದರೆ ತಂಡ ಉಳಿಯುತ್ತದೆ, ಇಲ್ಲದಿದ್ದರೆ ಅವರಿಬ್ಬರೂ ಆರ್ಕೆಸ್ಟ್ರಾಗೆ ಮರಳುತ್ತಾರೆ. ಕ್ಯಾಸೆಟ್ ಕೊಡುವಾಗ ಹಾಡುವವನು ಇದನ್ನು ಮುಚ್ಚಿಡದೆ ಹೇಳಿದ.

ಕಚೇರಿಯಲ್ಲಿ ಭಾಷಣ ದಾಖಲಿಸಲೆಂದು ಒಂದು ಟೇಪ್ ರೆಕಾರ್ಡರ್ ಇತ್ತು. ಅಂದು ಕರೆಂಟ್ ಇರಲಿಲ್ಲ, ಬ್ಯಾಟರಿ ಸೆಲ್ ಮೇಲೆಯೇ ಕೇಳಿದೆ. ಭಾಷಣ ಕೇಳುವಂತೆ ಒಂದೇ ಸಲ, ಪೆನ್ಸಿಲ್ ಹಿಡಿದು. ಮೊದಲ ಮೂರು ಹಾಡು ಚುರುಕಾಗಿದ್ದವು. ಆಮೇಲೆ ದನಿ ದಪ್ಪವಾಗುತ್ತ ಹೋಯಿತು, ಎರಡನೇ ಬದಿಯಲ್ಲಿ ಡ್ರಮ್ಮು ಕಾಲೆಳೆಯುತ್ತಿತ್ತು. ಮೊದಲೇ ಗೊತ್ತಿದ್ದ ಹಾಡಾಗಿದ್ದರೆ ಅನುಮಾನ ಬರುತ್ತಿತ್ತು. ಇವು ಯಾರೂ ಕೇಳಿರದ ಹಾಡುಗಳು. ತಂಡಕ್ಕೆ ಅರ್ಧದಲ್ಲೇ ಉಸಿರು ನಿಂತಿದೆ, ಗಾಯಕನಿಗೆ ತನ್ನ ಮಾತಿನ ಮೇಲೇ ನಂಬಿಕೆ ಉಳಿದಿಲ್ಲ ಎಂದು ಬರೆದೆ. ಅದು ಮೂರನೇ ಪುಟದಲ್ಲಿ ಬಂತು.

ಎರಡು ವಾರ ಬಿಟ್ಟು ಅವನು ಕಚೇರಿಗೆ ಬಂದ. ಜಗಳಕ್ಕೆ ಬಂದಿರಬೇಕು ಎಂದುಕೊಂಡೆ. ಅವನು ನಿಂತೇ ಮಾತಾಡಿದ.

"ನೀವು ಬರ್ದಿದ್ದು ಓದಿ, ನಾನೇ ಹಂಗೆ ಹಾಡಿದೀನಾ ಅಂತ ಅಂಗಡಿ ಬಾಗಿಲು ಹಾಕ್ಕೊಂಡು ಕೇಳ್ದೆ ಸಾರ್. ನಂಗೇನೂ ಹಂಗೆ ಅನ್ನಿಸ್ಲಿಲ್ಲ. ಆದ್ರೂ ನನ್ನ ಕಿವಿ ನಂಬಕ್ಕಾಗ್ಲಿಲ್ಲ, ಅಚ್ಚಲ್ಲಿದೆಯಲ್ಲ."

ನೀವು ಕೇಳಿದ ಯಂತ್ರದಲ್ಲೇ ಒಮ್ಮೆ ಹಾಕಿ ಎಂದ. ಅರ್ಧ ನಿಮಿಷ ಕೇಳಿ, ಅದನ್ನು ಬೋರಲು ಮಾಡಿ, ಮುಚ್ಚಳ ತೆಗೆದು, ಸೆಲ್ಲುಗಳನ್ನು ಒಂದೊಂದಾಗಿ ಮೇಜಿನ ಮೇಲಿಟ್ಟ. ಒಂದು ನೀರು ಬಿಟ್ಟಿತ್ತು. ಸೆಲ್ ಸೋತಂತೆ ಟೇಪು ನಿಧಾನವಾಗಿ ಓಡಿತ್ತು. ತನ್ನ ಚೀಲದಿಂದ ಹೊಸ ಸೆಲ್ ಹಾಕಿ ಅದೇ ಹಾಡನ್ನು ಮತ್ತೆ ಹಚ್ಚಿದ. ಹಾಡು ಓಡಿತು. ಆ ಬೇಸಿನ ಬೆನ್ನಟ್ಟುವ ಹೊಡೆತ, ಅದರ ಮೇಲೆ ಅವನ ಹರಿತ ದನಿ. ಗಾಯಕನ ನಂಬಿಕೆಯ ಬಗ್ಗೆ ನಾನು ಬರೆದ ಒಂದು ವಾಕ್ಯವೂ ನಿಲ್ಲುವಂತಿರಲಿಲ್ಲ.

"ಇದು ನಾವು ಹಾಡಿದ್ದು," ಎಂದ. ದನಿ ಏರಿಸಲಿಲ್ಲ.

ತಿದ್ದುಪಡಿ ಬರೆದು ಸಂಪಾದಕರ ಮುಂದಿಟ್ಟೆ. ಅವರು ಓದಿ ವಾಪಸ್ ಕೊಟ್ಟರು.

"ಹೆಸರು ತಪ್ಪಿದ್ರೆ ಹಾಕೋಣ, ತಾರೀಖು ತಪ್ಪಿದ್ರೆ ಹಾಕೋಣ. ವಿಮರ್ಶೆಗೆಲ್ಲ ತಿದ್ದುಪಡಿ ಹಾಕಿದೋರುಂಟೇನ್ರೀ? ಸೆಲ್ ಹೋಗಿದ್ದೂ ತಿಳೀಲಿಲ್ಲ ಅಂತ ಜನ ನಿಮ್ಮನ್ನೇ ಆಡ್ಕೋತಾರೆ."

ಅದು ನಮ್ಮ ಪತ್ರಿಕೆಯ ಪದ್ಧತಿ. ಹೊಸಬರಿಗೆ ನಾನೇ ಅದನ್ನು ಹೇಳಿಕೊಟ್ಟಿದ್ದೆ. ಹಟ ಹಿಡಿಯಬಹುದಿತ್ತು, ಹಿಡಿಯಲಿಲ್ಲ. ಆಡಿಕೊಳ್ಳುತ್ತಾರೆ ಅನ್ನುವುದು ನನಗೂ ನಾಟಿತ್ತು. ಕೋಣೆಯಿಂದ ಹೊರಬರುವಾಗ ನನಗೆ ಆದದ್ದು ಸಮಾಧಾನವೇ.

ಬದಲಿಗೆ ಹಾಡುವವನ ಜೊತೆ ಬಾಣಾವರಕ್ಕೆ ಹೋದೆ. ಅಲ್ಲಿನ ಛತ್ರದಲ್ಲಿ ಉಳಿದಿಬ್ಬರೂ ಆಗಲೇ ಆರ್ಕೆಸ್ಟ್ರಾ ಜೊತೆ ಮೈಕು ಜೋಡಿಸುತ್ತಿದ್ದರು. ನಡೆದದ್ದನ್ನು ಹೇಳಿ, ತಪ್ಪು ನನ್ನದು ಎಂದೆ. ಬೇಸಿನವನು ಮೈಕಿನ ತಂತಿ ಬಿಡಿಸುತ್ತಲೇ ಇದ್ದ. ಡ್ರಮ್ಮಿನವನು ನಕ್ಕ.

"ಅವತ್ತೇ ಇವನಿಗಂದೆ, ಏನ್ಲಾ, ಪೇಪರ್‌ನೋರು ನಿನ್ ತಿಥಿ ಮಾಡವ್ರೆ, ವಡೆ ಯಾವಾಗ್ಲಾ ಅಂತ." ಆಮೇಲೆ ನನ್ನ ಕಡೆ ತಿರುಗಿದ. "ನೀವು ಬಾಯಲ್ಲಿ ಹೇಳದು ನಮ್ ಮೂವರಿಗೆ ಕೇಳ್ತೈತೆ ಸಾರ್. ಅಚ್ಚಾಗಿದ್ದನ್ನ ಊರೇ ಓದೈತೆ. ಲಗ್ನಕ್ಕೆಲ್ಲ ಒಪ್ಕೊಂಡಾಗೈತೆ, ಬಿಡಿ."



ಮುಂದಿನ ವರ್ಷ ಅವನ ಅಂಗಡಿಗೆ ಹೋಗಿ ಆ ಕ್ಯಾಸೆಟ್ಟಿನ ಒಂದು ಪ್ರತಿ ಕೊಡು ಎಂದು ಕೇಳಿದೆ. ನನಗೆ ಕೊಟ್ಟದ್ದನ್ನು ಕಚೇರಿಯಲ್ಲಿ ಯಾರೋ ಭಾಷಣಕ್ಕೆ ಬಳಸಿಬಿಟ್ಟಿದ್ದರು. ಅವನ ಬಳಿಯೂ ಉಳಿದಿರಲಿಲ್ಲ. ಗಿರಾಕಿಗಳು ಸಿನಿಮಾ ಹಾಡು, ಭಕ್ತಿಗೀತೆ ಕೇಳಿದಾಗಲೆಲ್ಲ ಒಂದೊಂದನ್ನೇ ಅಳಿಸಿ ತುಂಬಿಕೊಟ್ಟಿದ್ದನಂತೆ. ಹೊಸ ಕ್ಯಾಸೆಟ್ ತರುವುದು ತಪ್ಪಿತು ಎಂದ. ಆ ಎಂಟು ಹಾಡುಗಳ ಬಗ್ಗೆ ಈಗ ಎಲ್ಲಾದರೂ ಏನಾದರೂ ಉಳಿದಿದ್ದರೆ, ಅದು ಪತ್ರಿಕೆಯ ಹಳೆಯ ಸಂಚಿಕೆಯಲ್ಲಿ ನಾನು ಬರೆದದ್ದು ಮಾತ್ರ.